ಷರಾ ಕಾಲಂನ ಉಪ್ಪಿನ ಜಾಡಿ

ರಿಜಿಸ್ಟರ್ ಅಕ್ಕನಿಗೆ ಹೆದರಿಕೆಯಾದರೆ ನಗು ಬರುತ್ತಿತ್ತು. ಹುಟ್ಟಿದಾಗಿನಿಂದ ಅಂಟಿಕೊಂಡ ಕಾಯಿಲೆ ಅದು. ಶಾಲೆಯಲ್ಲಿ ಮೇಷ್ಟರು ಬೆತ್ತ ಎತ್ತಿದಾಗ ಕಿಸಕ್ಕನೆ ನಕ್ಕು ಎರಡೇಟು ಹೆಚ್ಚಿಗೆ ತಿಂದವಳು ಅವಳು. ಕೆಲಸದ ಇಂಟರ್‌ವ್ಯೂನಲ್ಲಿ ಹೆದರಿ ನಕ್ಕಿದ್ದನ್ನು ಆತ್ಮವಿಶ್ವಾಸವೆಂದು ತಿಳಿದು ಊರಿನ ಮ್ಯೂಸಿಯಂನವರು ಅಲ್ಲೇ ಕೆಲಸ ಕೊಟ್ಟುಬಿಟ್ಟಿದ್ದರು. ಹೀಗಾಗಿ ಆ ಸೋಮವಾರ ಕ್ಯೂರೇಟರ್ ಸಾಹೇಬರು ಎಲ್ಲರನ್ನೂ ಕೂಡಿಸಿ, "ಇನ್ನು ಮೂರೇ ವಾರ! ನಮ್ಮ ಕ್ಯಾಟಲಾಗ್ ಪೂರ್ತಿ ಇಂಟರ್‌ನೆಟ್‌ನಲ್ಲಿ ಬರುತ್ತೆ. ಯಾರು ಬೇಕಾದ್ರೂ ಓದಬಹುದು, ಮನೇಲಿ ಕೂತೇ ಓದಬಹುದು" ಎಂದು ಘೋಷಿಸಿದಾಗ ಅವಳು ಗೊಳ್ಳೆಂದು ನಕ್ಕಳು. ಅಕ್ಕನಿಗೆ ಖುಷಿ ತಡೆಯಲಾಗಲಿಲ್ಲವೆಂದುಕೊಂಡು ಎಲ್ಲರೂ ಚಪ್ಪಾಳೆ ತಟ್ಟಿದರು.

ಪಾಪ, ಅವರಿಗೇನು ಗೊತ್ತು!

ಮ್ಯೂಸಿಯಂನಲ್ಲಿದ್ದ ವಸ್ತುಗಳು ಮೂರು ಸಾವಿರದ ಎಂಟುನೂರ ನಲವತ್ತಾರು. ಒಂದೊಂದಕ್ಕೂ ಒಂದೊಂದು ದಾಖಲೆ. ವಸ್ತುವಿನ ಸಂಖ್ಯೆ, ಹೆಸರು, ಅಳತೆ, ವಯಸ್ಸು, ಮಾಡಿದವರು, ಕೊಟ್ಟವರು, ಎಲ್ಲ ಮುಗಿದ ಮೇಲೆ ಕೊನೆಗೊಂದು ಕಾಲಂ, ಷರಾ. ಇಪ್ಪತ್ತನಾಲ್ಕು ವರ್ಷದಿಂದ ಇವನ್ನೆಲ್ಲ ಬರೆಯುತ್ತಿದ್ದವಳು ಮ್ಯೂಸಿಯಂನ ರಿಜಿಸ್ಟ್ರಾರ್, ಎಲ್ಲರ ಬಾಯಲ್ಲಿ ರಿಜಿಸ್ಟರ್ ಅಕ್ಕ. ಮೊದಲು ರಟ್ಟಿನ ಕಾರ್ಡುಗಳಲ್ಲಿ ಬರೆದಳು, ಆಮೇಲೆ ಮೂಲೆಯಲ್ಲಿ ಗುರ್ ಎನ್ನುವ ಹಳೇ ಕಂಪ್ಯೂಟರಿಗೆ ಎಲ್ಲವನ್ನೂ ತಾನೇ ಕೂತು ಏರಿಸಿದಳು. ಆ ಕಂಪ್ಯೂಟರನ್ನು ತೆರೆದು ನೋಡುತ್ತಿದ್ದವಳೂ ಅವಳೊಬ್ಬಳೇ. ವರ್ಷಕ್ಕೊಮ್ಮೆ ಆಡಳಿತ ಸಮಿತಿಯವರು ಬಂದು, ಕಾಗದದ ಮೇಲೆ ಅಚ್ಚು ಹಾಕಿಸಿದ ಕಟ್ಟಿನ ಪ್ರತಿ ಪುಟದ ಅಡಿಯಲ್ಲೂ 'ಪರಿಶೀಲಿಸಲಾಗಿದೆ' ಎಂದು ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದರು. ಪರಿಶೀಲಿಸಿದ್ದು ಚಹಾವನ್ನು ಮಾತ್ರ.

ಯಾರೂ ಓದುವುದಿಲ್ಲವೆಂದು ಗೊತ್ತಾದ ಮೇಲೆ ಬರೆಯುವವರ ಕೈಗೆ ಲಗಾಮು ಎಲ್ಲಿಂದ ಬರಬೇಕು? ಷರಾ ಕಾಲಂನಲ್ಲಿ ಅಕ್ಕ ಮನಸ್ಸಿಗೆ ಬಂದದ್ದನ್ನೆಲ್ಲ ಬರೆದಿಟ್ಟಿದ್ದಳು. ಸುಳ್ಳೊಂದನ್ನು ಬಿಟ್ಟು.

ಅದಕ್ಕೆ ಕಾರಣ ಅವಳ ಮೊದಲ ಗುರು, ಹಿಂದಿನ ಕ್ಯೂರೇಟರ್. ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇಟ್ಟುಕೊಂಡಿರುತ್ತಿದ್ದರಿಂದ ಅವರಿಗೆ ಭೂತಗನ್ನಡಿ ಎಂದೇ ಹೆಸರು. ಕಣ್ಣು ಅಷ್ಟಕ್ಕಷ್ಟೇ, ಆದರೆ ನಿಯಮ ಕಟ್ಟುನಿಟ್ಟು. "ನೋಡಮ್ಮಾ, ಷರಾ ಬರೆದ ಮೇಲೆ ಅಳಿಸೋ ಹಾಗಿಲ್ಲ. ತಪ್ಪಾಗಿದ್ರೆ ಅದರ ಕೆಳಗೆ ತಾರೀಕು ಹಾಕಿ ಇನ್ನೊಂದು ಷರಾ ಬರಿ. ತಪ್ಪೂ ದಾಖಲೇನೇ" ಎಂದು ಮೊದಲ ದಿನವೇ ಅವಳಿಗೆ ಹೇಳಿಕೊಟ್ಟಿದ್ದರು. ಅವರು ನಿವೃತ್ತರಾಗಿ ಒಂಬತ್ತು ವರ್ಷವಾಗಿತ್ತು. ನಿಯಮಕ್ಕೆ ನಿವೃತ್ತಿ ಇರಲಿಲ್ಲ.

ಹೊಸ ಕ್ಯಾಟಲಾಗ್ ಕಟ್ಟಲು ಕಂಪನಿಯವರು ಕಳಿಸಿದ ಇಂಜಿನಿಯರ್ ನಲವತ್ತರ ಆಸುಪಾಸಿನ ಹೆಂಗಸು. ಬಂದ ಮೊದಲ ದಿನವೇ ಸರ್ವರ್ ಎಂಬ ಪದವನ್ನು ಅರವತ್ತು ಸಲ ಹೇಳಿದ್ದಕ್ಕೆ ಎಲ್ಲರ ಬಾಯಲ್ಲೂ ಸರ್ವರಮ್ಮನಾದಳು. ಒಂದು ಲೀಟರಿನ ಫ್ಲಾಸ್ಕ್ ತುಂಬ ಚಹಾ ತಂದು, ಗುನುಗುತ್ತಾ ಕೆಲಸ ಮಾಡುತ್ತಿದ್ದ ಅವಳನ್ನು ಕಂಡರೆ ಅಕ್ಕನಿಗೆ ಒಂದೇ ಗಂಟೆಯಲ್ಲಿ ಜೀವ ಎನ್ನುವಂತಾಗಿತ್ತು.

"ಈ ಷರಾ ಅನ್ನೋದು ಜನಕ್ಕೆ ಕಾಣಬೇಕಾ, ಬೇಡ್ವಾ ಸಾರ್?" ಎಂದು ಸರ್ವರಮ್ಮ ಸಾಹೇಬರನ್ನು ಕೇಳಿದಳು.

"ಕಾಣಬೇಕು ಕಾಣಬೇಕು! ನಿಜವಾದ ಮಾಹಿತಿ ಇರೋದೇ ಅಲ್ಲಿ. ನಮ್ಮ ಅಕ್ಕ ಎಷ್ಟು ಶ್ರದ್ಧೆಯಿಂದ ಬರೆದಿದಾರೆ ಗೊತ್ತಾ?" ಎಂದರು ಸಾಹೇಬರು. ಒಂದೇ ಒಂದು ಸಾಲನ್ನೂ ಓದದೆ ಇಷ್ಟು ಹೊಗಳುವುದು ದೊಡ್ಡ ಮನಸ್ಸೇ ಸರಿ.

ಅಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅಲ್ಲಿಗೇ ಸುಮ್ಮನಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸರ್ವರಮ್ಮ ಮಾತಿನ ಮಧ್ಯೆ, "ಬೇಡದ ಷರಾ ಇದ್ರೆ ಅಳಿಸಿಬಿಡಿ ಅಕ್ಕ, ಗುರುತೂ ಸಿಗಲ್ಲ" ಎಂದುಬಿಟ್ಟಳು. ಕೇಳಿದ್ದೇ ತಡ, ಅಕ್ಕನೊಳಗಿನ ಭೂತಗನ್ನಡಿಯ ಶಿಷ್ಯೆ ಎದ್ದು ನಿಂತಳು.

"ಗುರುತು ಸಿಗಲ್ವಾ? ಅದು ಹೇಗಾಗುತ್ತೆ! ನಮ್ಮಲ್ಲಿ ಷರಾ ಅಳಿಸೋ ಹಾಗೇ ಇಲ್ಲ. ಅಳಿಸಿದ್ರೂ ಬರೀ ಗೆರೆ ಎಳೀಬೇಕು, ಕೆಳಗಿನ ಅಕ್ಷರ ಕಾಣ್ತಿರಬೇಕು. ಯಾರು ಅಳಿಸಿದ್ರು, ಎಷ್ಟು ಗಂಟೆಗೆ ಅಂತ ಪಕ್ಕದಲ್ಲೇ ಬರಬೇಕು!"

"ಈ ಸಾಫ್ಟ್‌ವೇರ್‌ನಲ್ಲಿ ಆ ಸೌಲಭ್ಯ ಇಲ್ಲ ಅಕ್ಕ."

"ಇಲ್ಲಾಂದ್ರೆ ಮಾಡಿ!"

ಒಂದು ಗಂಟೆ ಕಾಲ ವಾದ ನಡೆಯಿತು. ಅಕ್ಕ ಮೇಜು ಗುದ್ದಿದಳು, ಗುರುಗಳ ಹೆಸರೆತ್ತಿದಳು, ಕಣ್ಣಲ್ಲಿ ನೀರು ಕೂಡ ತಂದುಕೊಂಡಳು. ಸರ್ವರಮ್ಮ ಮಾತ್ರ ಆಗುವುದಿಲ್ಲ ಎಂದರೆ ಆಗುವುದಿಲ್ಲ. ಸಂಜೆ ಮನೆಯ ದಾರಿಯಲ್ಲಿ ಅರ್ಧ ನಡೆದ ಮೇಲೆ ಅಕ್ಕನಿಗೆ ತಾನು ಕೇಳಿದ್ದೇನೆಂಬುದು ತಲೆಗೆ ಹೊಳೆಯಿತು. ಒಂದು ಸಾವಿರದ ನೂರ ನಲವತ್ತೆರಡನೇ ದಾಖಲೆ ನೆನಪಾಗಿ ಕಾಲು ಅಲ್ಲೇ ಕಚ್ಚಿಕೊಂಡಿತು. ಸದ್ಯ, ಅವಳು ಒಪ್ಪಲಿಲ್ಲವಲ್ಲ ಎಂದು ಬೀದಿಯಲ್ಲಿ ಒಬ್ಬಳೇ ನಿಂತು ನಕ್ಕಳು. ಎದುರಿಗೆ ಬರುತ್ತಿದ್ದವನೊಬ್ಬ ರಸ್ತೆ ದಾಟಿ ಆಚೆ ಬದಿಗೆ ಹೋದ.

ಆ ದಾಖಲೆಯ ಕತೆ ಹೀಗಿದೆ.

ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಮಾರನೇ ದಿನ ಸಮಿತಿಯವರು ಬರುವವರಿದ್ದರು. ಹಿಂದಿನ ಕಪಾಟಿನಲ್ಲಿ ನಲವತ್ತು ವರ್ಷದಿಂದ ದೂಳು ತಿನ್ನುತ್ತಿದ್ದ ಮಣ್ಣಿನ ಜಾಡಿಯೊಂದನ್ನು ಒರೆಸಲೆಂದು ಅಕ್ಕ ಎತ್ತಿಕೊಂಡಳು. ದೂಳಿಗೆ ಸೀನು ಬಂತು. ಸೀನು ಮುಗಿದಾಗ ಕೈಯಲ್ಲಿ ಜಾಡಿ ಇರಲಿಲ್ಲ, ಕಾಲ ಬಳಿ ಹದಿನೇಳು ಚೂರುಗಳಿದ್ದವು. ಇನ್ನೂರು ವರ್ಷದ ಜಾಡಿ! ಅವಳು ನಕ್ಕಳು, ನಗುತ್ತಲೇ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಡ್ರಾಯರಿಗೆ ಹಾಕಿದಳು, ನಗುತ್ತಲೇ ಮನೆಗೆ ಓಡಿದಳು. ಅಡುಗೆಮನೆಯಲ್ಲಿ ಅಮ್ಮನ ಉಪ್ಪಿನ ಜಾಡಿ ಇತ್ತು. ಅದೇ ಎತ್ತರ, ಅದೇ ಹೊಟ್ಟೆ. ಬಣ್ಣ ಮಾತ್ರ ಬೇರೆ. ಇದು ಜೇನಿನ ಬಣ್ಣಕ್ಕೆ ಹೊಳೆಯುತ್ತಿತ್ತು, ಕುತ್ತಿಗೆಯ ಹತ್ತಿರ ಹೆಬ್ಬೆರಳಿನಷ್ಟು ಒಂದು ತಗ್ಗಿತ್ತು. ಮ್ಯೂಸಿಯಂ ಜಾಡಿಗೆ ಮುಚ್ಚಳವಿರಲಿಲ್ಲವಾದ್ದರಿಂದ ಮುಚ್ಚಳವನ್ನು ಮನೆಯಲ್ಲೇ ಬಿಟ್ಟು, ಉಪ್ಪನ್ನು ಡಬ್ಬಿಗೆ ಸುರಿದು, ಜಾಡಿಯನ್ನು ಬಗಲಲ್ಲಿಟ್ಟುಕೊಂಡು ಬಂದಳು. ಒಂದೇ ದಿನದ ಮಟ್ಟಿಗೆ ಎಂದುಕೊಂಡಳು. ಸಮಿತಿಯವರು ಹೋದ ಮೇಲೆ ಗುರುಗಳ ಕಾಲು ಹಿಡಿದರಾಯಿತು.

ಸಮಿತಿಯವರು ಬಂದರು, ಜಾಡಿಯ ಮುಂದೆ ನಿಂತರು, ನಿಂತೇ ಇದ್ದರು. "ಇಂಥಾ ವಸ್ತುವನ್ನ ಹಿಂದಿನ ಕಪಾಟಲ್ಲಿ ಯಾಕ್ರೀ ಇಟ್ಟಿದೀರಾ?" ಎಂದು ಭೂತಗನ್ನಡಿಯವರನ್ನೇ ಗದರಿದರು. ಅವರು ಜೇಬಿನಿಂದ ಭೂತಗನ್ನಡಿ ತೆಗೆದು, ಜಾಡಿಯನ್ನು ನೋಡಿ, "ನಿಜ, ಒರೆಸಿದ ಮೇಲೆ ಎಷ್ಟು ಚೆನ್ನಾಗಿದೆ!" ಎಂದರು. ಅಕ್ಕನ ಬಾಯಿಗೆ ಅಲ್ಲಿಗೆ ಬೀಗ ಬಿತ್ತು.

ಬಾಯಿಗೆ ಬೀಗ ಬಿದ್ದರೂ ಕೈಗೆ ಬೀಳಲಿಲ್ಲ. ಅಂದೇ ಸಂಜೆ ಷರಾ ಬರೆದಳು: 'ಮೂಲ ಜಾಡಿ ನನ್ನ ಕೈಯಿಂದ ಒಡೆದಿದೆ. ಚೂರು ಹದಿನೇಳು, ಒಂಬತ್ತನೇ ಡ್ರಾಯರ್‌ನಲ್ಲಿವೆ. ಈಗ ಇರುವುದು ನಮ್ಮ ಮನೆಯ ಉಪ್ಪಿನ ಜಾಡಿ. ಬೇಗ ವಾಪಸು ಕೊಡತಕ್ಕದ್ದು.' ಓದಿದವರು ಕರೆದು ಬೈಯಲಿ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದು ಕಾದಳು. ಯಾರೂ ಓದಲಿಲ್ಲ. ಮುಂದಿನ ವರ್ಷ ಪುಟದಡಿಗೆ 'ಪರಿಶೀಲಿಸಲಾಗಿದೆ' ಎಂದು ಸಹಿ ಬಿತ್ತು.

ಮನೆಯಲ್ಲಿ ಅಮ್ಮ ಕೇಳಿದಳು, "ಉಪ್ಪಿನ ಜಾಡಿ ಎಲ್ಲೇ?"

"ಆಫೀಸಿನವರಿಗೆ ಬೇಕಿತ್ತು, ಕೊಟ್ಟಿದೀನಿ. ನಾಳೆ ತರ್ತೀನಿ."

"ಮುಚ್ಚಳ ಬಿಟ್ಟು ಬರೀ ಜಾಡಿ ಎರವಲು ತಗೊಳ್ಳೋರು ಅದ್ಯಾರೇ ನಿಮ್ಮ ಆಫೀಸಲ್ಲಿ?"

ಆ ಪ್ರಶ್ನೆಗೆ ಇಪ್ಪತ್ತನಾಲ್ಕು ವರ್ಷವಾದರೂ ಉತ್ತರ ಸಿಕ್ಕಿರಲಿಲ್ಲ. ಅಮ್ಮನೂ ಕೇಳುವುದನ್ನು ಬಿಟ್ಟಿರಲಿಲ್ಲ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಪ್ಪು ನೀರಾದಾಗಲೆಲ್ಲ, "ನನ್ನ ಜಾಡಿ ಇದ್ದಿದ್ರೆ" ಎಂದು ಶುರು ಮಾಡುತ್ತಿದ್ದಳು. ಮ್ಯೂಸಿಯಂ ಮನೆಯಿಂದ ಎರಡೇ ಬೀದಿ ದೂರ. ಆದರೆ, "ಹಳೇ ಸಾಮಾನು ನೋಡೋಕೆ ಅಷ್ಟು ದೂರ ಯಾಕೆ, ಕನ್ನಡಿ ಮುಂದೆ ನಿಂತ್ರೆ ಸಾಕು" ಎನ್ನುತ್ತಾ ಒಂದು ದಿನವೂ ಅತ್ತ ಕಾಲಿಟ್ಟಿರಲಿಲ್ಲ. ಅಕ್ಕನ ಪುಣ್ಯ.

ಜಾಡಿಯ ಭಾಗ್ಯ ಮಾತ್ರ ಬೆಳೆಯುತ್ತಲೇ ಹೋಯಿತು, ಅದರ ಜೊತೆ ಷರಾ ಕೂಡ. ನಿಯಮದ ಪ್ರಕಾರ ಒಂದರ ಕೆಳಗೊಂದು, ತಾರೀಕು ಸಮೇತ. 'ಜಾಡಿಯನ್ನು ಮುಂದಿನ ಹಾಲ್‌ಗೆ ಸ್ಥಳಾಂತರಿಸಲಾಯಿತು. ಅಯ್ಯೋ.' 'ಜಾಡಿಗೆ ಪ್ರತ್ಯೇಕ ದೀಪ. ಅಮ್ಮ ಇವತ್ತೂ ಕೇಳಿದಳು.' 'ಟಿಕೆಟ್ ಮೇಲೆ ಜಾಡಿಯ ಚಿತ್ರ ಅಚ್ಚಾಯಿತು. ಅಯ್ಯಯ್ಯೋ.' ಹೊಸ ಕ್ಯೂರೇಟರ್ ಸಾಹೇಬರು ಬಂದವರೇ ಜಾಡಿಗೆ ಮನಸೋತು ಹದಿನಾಲ್ಕು ಪುಟದ ಲೇಖನ ಬರೆದರು. ಹೆಸರಿಲ್ಲದ ಆ ಮಹಾನ್ ಕುಶಲಕರ್ಮಿ ಬೇಕೆಂದೇ ಮುಚ್ಚಳ ಮಾಡಲಿಲ್ಲವಂತೆ, ತೆರೆದ ಬಾಯಿಯೇ ಜಾಡಿಯ ಜೀವನದರ್ಶನವಂತೆ, ಕುತ್ತಿಗೆಯ ತಗ್ಗು ಅವನ ಸಹಿಯಂತೆ. ಆ ದಿನದ ಷರಾ, 'ದೇವರೇ.'

ನಡುವೆ ಅಪ್ಪ ತೀರಿಕೊಂಡ. ಆ ವರ್ಷ ಒಂದು ಸಾಲು ಇತ್ತು: 'ಅಪ್ಪ ಹೋಗಿ ಎರಡು ತಿಂಗಳು. ಅಮ್ಮ ಜಾಡಿ ಕೇಳುತ್ತಿಲ್ಲ.' ಅದರ ಕೆಳಗೆ, ಐದು ತಿಂಗಳ ನಂತರ: 'ಕೇಳಿದಳು! ಉಪ್ಪು ನೀರಾಯಿತು, ಜಾಡಿ ಎಲ್ಲಿ ಅಂದಳು. ಹಿತ್ತಿಲಿಗೆ ಹೋಗಿ ಅತ್ತು ಬಂದೆ. ಸದ್ಯ.'

ಇಂಥದ್ದನ್ನು ಊರು ಓದುವುದೆಂದರೆ!

ಮೂರು ವಾರ ಅಕ್ಕನ ಕಾಲು ನೆಲಕ್ಕೆ ತಾಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ದಾಖಲೆ ಮೇಲೆ ದಾಖಲೆ. ಅಳಿಸಲು ಕೈ ಬರುತ್ತಿರಲಿಲ್ಲ, ಹಾಗಾಗಿ ಕೆಳಗೆ ತೇಪೆ ಹಾಕುತ್ತಾ ಹೋದಳು. 'ಗೋಡೆ ಗಡಿಯಾರ. ದಾನಿಯ ಅಳಿಯ ತಂದುಕೊಟ್ಟದ್ದು. ದಾನಿಗೆ ಗೊತ್ತಿಲ್ಲ' ಎಂಬುದರ ಕೆಳಗೆ, 'ಇನ್ನು ಗೊತ್ತಾಗಬಹುದು. ಕ್ಷಮೆ ಇರಲಿ' ಎಂದು ಸೇರಿಸಿದಳು. 'ಕೊಳಲು. ಊದಿ ನೋಡಿದೆ. ಊದಬಾರದಿತ್ತು. ಇಂಪಾಗಿದೆ' ಎಂಬುದನ್ನು ಹಾಗೇ ಬಿಟ್ಟಳು. 'ಕತ್ತಿ. ಸಾಹೇಬರು ಇದನ್ನು ತಲೆಕೆಳಗಾಗಿ ತೂಗುಹಾಕಿದ್ದಾರೆ. ಹೇಳಿದರೆ ಮುಖ ಊದಿಸಿಕೊಳ್ಳುತ್ತಾರೆ' ಎಂಬಲ್ಲಿಗೆ ಬಂದಾಗ ಎದ್ದುಹೋಗಿ ಸಾಹೇಬರಿಗೆ ಹೇಳಿಯೇಬಿಟ್ಟಳು. ಬಂದು ಬರೆದಳು: 'ಹೇಳಿದೆ. ಊದಿಸಿಕೊಂಡರು. ಈಗ ಕತ್ತಿ ನೆಟ್ಟಗಿದೆ.' ಪಕ್ಕದಲ್ಲಿ ಕೂತಿದ್ದ ಸರ್ವರಮ್ಮ ಓದಿ, ಕುಡಿಯುತ್ತಿದ್ದ ಚಹಾ ಮೂಗಿಗೇರಿ, ಹತ್ತು ನಿಮಿಷ ಕೆಮ್ಮಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ವರ್ಷದಲ್ಲಿ ಅಕ್ಕನ ಬರವಣಿಗೆಯನ್ನು ಓದಿದ ಮೊದಲನೆಯವಳು ಅವಳು. ಅಕ್ಕನಿಗೆ ಅದು ಎಷ್ಟು ಹಿತವಾಯಿತೆಂದರೆ, ಜಾಡಿಯದ್ದನ್ನೂ ತೋರಿಸಿಬಿಡೋಣವೇ ಅನ್ನಿಸಿತು. ತೋರಿಸಲಿಲ್ಲ.

ಜಾಡಿಯ ಚಿತ್ರವನ್ನು ಆರು ದಿಕ್ಕಿನಿಂದ ತೆಗೆದರು. ಅದೇ ಕ್ಯಾಟಲಾಗಿನ ಮುಖಪುಟಕ್ಕೆ ಬರಬೇಕೆಂದು, ಉದ್ಘಾಟನೆಯಲ್ಲಿ ಮೊದಲು ತೆರೆಯುವ ದಾಖಲೆ ಅದೇ ಆಗಬೇಕೆಂದು ಸಾಹೇಬರು ತೀರ್ಮಾನಿಸಿದರು. "ನಾನೇ ಓದ್ತೀನಿ, ಮೈಕಲ್ಲಿ" ಎಂದರು.

ಉದ್ಘಾಟನೆಯ ಹಿಂದಿನ ದಿನ ಸಂಜೆ ನಾಲ್ಕೂ ಹತ್ತಕ್ಕೆ ಅಕ್ಕ ಆ ದಾಖಲೆ ತೆರೆದಳು. ಷರಾ ಒಂದೂವರೆ ಪುಟ ಇತ್ತು. ಓದಿದಳು. ಜನ ಓದಿದರೆ ಕೆಲಸ ಹೋಗುತ್ತದೆ, ಅದು ಬೇರೆ. ಸಾಹೇಬರು ನಗೆಪಾಟಲಾಗುತ್ತಾರೆ, ಅದೂ ಬೇರೆ. ಇಷ್ಟು ವರ್ಷ ದಿನಾ ಸುಳ್ಳು ಹೇಳಿದ್ದೆನೆಂದು ಅಮ್ಮನಿಗೆ ತಿಳಿದರೆ? ಅದಕ್ಕಿಂತ ಕೆಟ್ಟದ್ದು ಏನೂ ಇರಲಿಲ್ಲ. ಗುರುಗಳನ್ನು ಮನಸ್ಸಿನಲ್ಲಿ ನೆನೆದು, ಕಣ್ಣು ಮುಚ್ಚಿ, ಎಲ್ಲವನ್ನೂ ಅಳಿಸಿಬಿಟ್ಟಳು. ಪರದೆ ಖಾಲಿಯಾಯಿತು. ಹಗುರಾಗಬೇಕಿತ್ತು, ಆಗಲಿಲ್ಲ. ಅಪ್ಪ ಹೋದ ವರ್ಷದ ಆ ಎರಡು ಸಾಲೂ ಹೋದವಲ್ಲ ಎಂದು ಖಾಲಿ ಪರದೆಯನ್ನು ಸೆರಗಿನಿಂದ ಒರೆಸುತ್ತಾ ಕೂತಳು.

ಮಾರನೇ ಬೆಳಿಗ್ಗೆ ಮನೆಯಿಂದ ಹೊರಡುವಾಗ ಅಮ್ಮ ಫೋನಿನಿಂದ ತಲೆ ಎತ್ತದೆ ಕೇಳಿದಳು, "ಇವತ್ತು ನಿಮ್ಮ ಗುಜರಿ ಅಂಗಡಿ ಫೋನಲ್ಲಿ ಬರುತ್ತಂತಲ್ಲ? ನಮ್ಮ ಬೀದಿ ಗ್ರೂಪಲ್ಲಿ ಹಾಕಿದಾರೆ."

"ಹೂಂ ಅಮ್ಮ. ನೀನೇನೂ ನೋಡಬೇಡ, ಬರೀ ಬೋರು."

"ಎಪ್ಪತ್ತಾರು ವರ್ಷದಲ್ಲಿ ಬೇಡ ಅಂದಿದ್ದನ್ನ ನಾನು ಯಾವತ್ತು ಬಿಟ್ಟಿದೀನಿ?"

ಹತ್ತೂ ಮುಕ್ಕಾಲಿಗೆ ಮುಂದಿನ ಹಾಲ್ ತುಂಬಿತ್ತು. ಸಮಿತಿಯವರು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಊರಿನವರು, ಗೋಡೆಗೆ ದೊಡ್ಡ ಬಿಳಿ ಪರದೆ, ಅದರ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಜಾಡಿ. ಸರ್ವರಮ್ಮ ಅಕ್ಕನನ್ನು ಕಂಬದ ಹಿಂದೆ ತನ್ನ ಕಂಪ್ಯೂಟರ್ ಇಟ್ಟಿದ್ದ ಮೇಜಿನ ಬಳಿಗೆ ಎಳೆದುಕೊಂಡು ಹೋದಳು. ಮುಖ ಊರಗಲ ಅರಳಿತ್ತು.

"ಅಕ್ಕ, ನಿಮಗೊಂದು ಉಡುಗೊರೆ. ಅವತ್ತು ನೀವು ಕಣ್ಣಲ್ಲಿ ನೀರು ಹಾಕಿದ್ರಲ್ಲ, ನಂಗೆ ತಡೀಲಿಲ್ಲ. ಎರಡು ವಾರ ಮನೇಲಿ ಕೂತು ಬರೆದೆ. ಅಳಿಸಿದ ಷರಾ ಎಲ್ಲ ಈಗ ಗೆರೆ ಎಳೆದ ಹಾಗೆ ಕಾಣುತ್ತೆ, ಯಾರು, ಎಷ್ಟು ಗಂಟೆಗೆ ಅಂತ ಪಕ್ಕದಲ್ಲೇ! ನಿಮ್ಮ ಗುರುಗಳು ಹೇಳಿದ ಹಾಗೇ!"

ಅಕ್ಕ ಕಂಬವನ್ನು ಹಿಡಿದುಕೊಂಡಳು. "ಎಲ್ಲಾನೂ?"

"ಎಲ್ಲಾನೂ! ನೀವು ಏನೂ ಅಳಿಸೋರಲ್ಲ ಬಿಡಿ, ಆದ್ರೂ ನಿಯಮ ನಿಯಮವೇ ಅಲ್ವಾ?" ಅಷ್ಟರಲ್ಲಿ ಅಕ್ಕನ ಮುಖ ನೋಡಿ ಅವಳ ದನಿ ಇಳಿಯಿತು. "ಯಾಕಕ್ಕ? ಬೇಡ್ವಾ? ಬೇಡಾಂದ್ರೆ ಒಂದು ಟಿಕ್ ತೆಗೆದ್ರೆ ಆಯ್ತು. ಯಾರಿಗೂ ಕಾಣಲ್ಲ. ಹೇಳಿ, ಈಗ್ಲೇ ತೆಗೀತೀನಿ."

ಒಂದು ಟಿಕ್. ಸರ್ವರಮ್ಮನ ಬೆರಳು ಮೌಸಿನ ಮೇಲೆ ಕಾಯುತ್ತಿತ್ತು. ಬೇಡ ಎಂಬ ಎರಡಕ್ಷರ ಅಕ್ಕನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವಳಿಗೆ ನೆನಪಾದದ್ದು ನಿನ್ನೆಯ ಖಾಲಿ ಪರದೆ. ಅಲ್ಲಿಂದ ಹೋದವೆಂದುಕೊಂಡಿದ್ದ ಆ ಎರಡು ಸಾಲು ಹೋಗಿರಲಿಲ್ಲ, ಗೆರೆಯ ಕೆಳಗೆ ಜೀವಂತವಾಗಿದ್ದವು. ಹೆದರಿಕೆಯ ಅಡಿಯಿಂದ ಏನೋ ಒಂದು ಗುಳುಗುಳು ಎದ್ದು ಬಂತು. ಈ ಸಲ ಅದು ಹೆದರಿಕೆಯ ನಗುವಾಗಿರಲಿಲ್ಲ.

"ಇರಲಿ ಬಿಡು," ಎಂದಳು. "ಚೆನ್ನಾಗಿ ಮಾಡಿದೀಯ."

ಹನ್ನೊಂದಕ್ಕೆ ಸಾಹೇಬರು ಬಟನ್ ಒತ್ತಿದರು. ಪರದೆಯ ಮೇಲೆ ಜಾಡಿ ಆಳೆತ್ತರಕ್ಕೆ ಬೆಳಗಿತು. ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಕನ್ನಡಕ ಏರಿಸಿ, ಮೈಕ್ ಹಿಡಿದು, ತುಂಬಿದ ಕಂಠದಲ್ಲಿ ಓದತೊಡಗಿದರು. "ವಸ್ತು, ಜಾಡಿ. ವಯಸ್ಸು, ಸುಮಾರು ಇನ್ನೂರು ವರ್ಷ. ಮಾಡಿದವರು, ತಿಳಿದಿಲ್ಲ. ಮುಚ್ಚಳ, ಇಲ್ಲ. ಷರಾ," ಎಂದು ಉಸಿರೆಳೆದುಕೊಂಡರು, "ಮೂಲ ಜಾಡಿ ನನ್ನ ಕೈಯಿಂದ ಒಡೆದಿದೆ. ಚೂರು ಹದಿನೇಳು, ಒಂಬತ್ತನೇ ಡ್ರಾಯರ್‌ನಲ್ಲಿವೆ. ಈಗ ಇರುವುದು ನಮ್ಮ ಮನೆಯ ಉಪ್ಪಿನ..."

ಬಾಯಿಗೆ ಓದುವ ಓಟ ಹತ್ತಿಬಿಟ್ಟಿತ್ತು, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತಿತ್ತು. 'ಅಯ್ಯೋ' ಎಂದು ಓದಿದರು. 'ಅಯ್ಯಯ್ಯೋ' ಎಂದು ಓದಿದರು. 'ದೇವರೇ' ಎಂಬಲ್ಲಿಗೆ ಬಂದಾಗ ಅವರು ಓದಿದರೋ ತಾವಾಗಿ ಅಂದರೋ ಯಾರಿಗೂ ತಿಳಿಯಲಿಲ್ಲ. ಹಾಲ್‌ನಲ್ಲಿ ಮೊದಲು ಒಬ್ಬ ಫಕ್ಕನೆ ನಕ್ಕ, ಆಮೇಲೆ ಒಂದು ಸಾಲು, ಆಮೇಲೆ ಚಾವಣಿ ಹಾರಿಹೋಗುವಷ್ಟು ನಗು. ಷರಾ ಪೂರ್ತಿ ಗೆರೆ ಎಳೆಸಿಕೊಂಡು ಪರದೆಯ ಮೇಲೆ ನಿಂತಿತ್ತು, ಪಕ್ಕದಲ್ಲಿ ಕೆಂಪಕ್ಷರದಲ್ಲಿ, 'ಅಳಿಸಿದವರು: ರಿಜಿಸ್ಟ್ರಾರ್, ನಿನ್ನೆ ಸಂಜೆ 4.10.' ಸರ್ವರಮ್ಮ ಎರಡೂ ಕೈ ಬಾಯಿಗೆ ಹಿಡಿದು ನಿಂತಿದ್ದಳು.

ಸಾಹೇಬರು ನಗಲಿಲ್ಲ. ಮೈಕ್ ಕೆಳಗಿಟ್ಟು, ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ಜಾಡಿಯನ್ನು ನೋಡುತ್ತಾ ನಿಂತರು. ಒಂಬತ್ತು ವರ್ಷ ದಿನಾ ಬೆಳಿಗ್ಗೆ ಅವರು ಅದಕ್ಕೊಂದು ನಮಸ್ಕಾರ ಹಾಕಿಯೇ ಕೋಣೆಗೆ ಹೋಗುತ್ತಿದ್ದದ್ದು. ಆ ಬೆನ್ನನ್ನು ಅಕ್ಕನಿಗೆ ನೋಡಲಾಗಲಿಲ್ಲ. ಕಂಬ ಬಿಟ್ಟು ಮುಂದೆ ಬಂದು, "ಸಾರ್, ತಪ್ಪೆಲ್ಲ ನಂದೇ" ಎಂದಳು. ಹಾಲ್ ತಣ್ಣಗಾಯಿತು.

"ತಪ್ಪು ಆಮೇಲೆ ಹೇಳ್ಕೊಳ್ಳುವಿಯಂತೆ. ಮೊದಲು ನನ್ನ ಜಾಡಿ ಎಲ್ಲಿ?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಬಟ್ಟೆ ಚೀಲ, ಕಾಲಲ್ಲಿ ಆತುರಕ್ಕೆ ಹಾಕಿಕೊಂಡ ಜೋಡಿಯಲ್ಲದ ಎರಡು ಚಪ್ಪಲಿ. ಜನ ತಾವಾಗಿ ದಾರಿ ಬಿಟ್ಟರು. ಅಮ್ಮ ನೇರ ಬಂದು, ಚೀಲದಿಂದ ಹಳೇ ಟವೆಲಿನಲ್ಲಿ ಸುತ್ತಿದ್ದ ಒಂದು ವಸ್ತುವನ್ನು ತೆಗೆದು ಸಾಹೇಬರ ಕೈಗಿಟ್ಟಳು. ಜೇನಿನ ಬಣ್ಣದ ಮುಚ್ಚಳ. ಅದರ ಅಂಚಿನಲ್ಲೂ ಹೆಬ್ಬೆರಳಿನಷ್ಟು ಒಂದು ತಗ್ಗು.

"ಇಪ್ಪತ್ತನಾಲ್ಕು ವರ್ಷದಿಂದ ಇದೊಂದನ್ನೇ ಇಟ್ಕೊಂಡು ಕೂತಿದೀನಪ್ಪಾ. ಹಾಲಿನ ಪಾತ್ರೆಗೂ ಕೂರಲ್ಲ, ಯಾವುದಕ್ಕೂ ಕೂರಲ್ಲ."

ಸಾಹೇಬರು ಬೀಗದ ಕೈ ತಡಕಾಡಿ ಗಾಜಿನ ಬಾಗಿಲು ತೆಗೆದು, ಎರಡೂ ಕೈಯಿಂದ ಮುಚ್ಚಳ ಇಟ್ಟರು. ಟಕ್ ಎಂದು ಕೂತಿತು. ಹದಿನಾಲ್ಕು ಪುಟದ ಜೀವನದರ್ಶನ ಅಷ್ಟಕ್ಕೇ ಮುಚ್ಚಿಹೋಯಿತು. ಮೇಲಿನ ತಗ್ಗೂ ಕೆಳಗಿನ ತಗ್ಗೂ ಒಂದೇ ಗೆರೆಗೆ ಬಂದು ನಿಂತದ್ದನ್ನು ಅವರು ನೋಡಿದರು. ತಮ್ಮ ಹೆಬ್ಬೆರಳನ್ನು ಅಲ್ಲಿಟ್ಟು ನೋಡಿದರು, ಕೂರಲಿಲ್ಲ.

"ಅದು ನಿಮಗೆ ಕೂರಲ್ಲ," ಎಂದು ಅಮ್ಮ ತನ್ನ ಹೆಬ್ಬೆರಳಿಟ್ಟಳು. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. "ಮದುವೆಗೆ ಮುಂಚೆ ಎರಡು ವರ್ಷ ಜಾಡಿ ಮಾಡೋ ಕಡೆ ಕೆಲಸಕ್ಕೆ ಹೋಗ್ತಿದ್ದೆ. ಇದು ನಾನೇ ಮಾಡಿದ್ದು. ಹಸಿ ಇದ್ದಾಗಲೇ ಎತ್ತಿಬಿಟ್ಟೆ, ಬೆರಳು ಒತ್ಕೊಳ್ತು. ಹಾಳು ಮಾಡಿದೆ, ನೀನೇ ತಗೊಂಡು ಹೋಗು ಅಂತ ಮೇಸ್ತ್ರಿ ಬೈದ."

"ಅಮ್ಮಾ!" ಎಂದಳು ಅಕ್ಕ. "ನೀನು ಒಂದಿನಾನೂ ಹೇಳಲಿಲ್ವಲ್ಲ!"

"ನೀನು ಒಂದಿನಾನೂ ಕೇಳಲಿಲ್ವಲ್ಲ. ಎಲ್ಲಿ ಹೋಯ್ತು ಅಂತ ನಾನು ಕೇಳ್ತಿದ್ದೆ, ಎಲ್ಲಿಂದ ಬಂತು ಅಂತ ನೀನು ಕೇಳಬೇಕಿತ್ತು."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಕೊನೆಗೆ, ಮೈಕ್ ಇಲ್ಲದೆ, "ಯಾರಂತ ಗೊತ್ತಿಲ್ಲದೆ ಒಂಬತ್ತು ವರ್ಷ ನಮಸ್ಕಾರ ಹಾಕಿದೀನಮ್ಮ" ಎಂದು ಅಮ್ಮನಿಗೆ ಕೈ ಮುಗಿದರು. ಅಮ್ಮ ನಾಚಿ ಕೆಂಪಾದಳು. ಅಮ್ಮ ನಾಚಿದ್ದನ್ನು ಅಕ್ಕ ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು.

ಸಾಹೇಬರು ತಿರುಗಿ, "ಜಾಡಿ ನಿಮ್ದೇ. ತಗೊಂಡು ಹೋಗಿ ಅನ್ನೋಕೆ ಹೊಟ್ಟೆ ಉರಿಯುತ್ತೆ, ಆದ್ರೂ ನಿಮ್ದೇ" ಎಂದರು. ಅಮ್ಮ ಜಾಡಿಯನ್ನು ನೋಡಿದಳು, ಅದರ ಮೇಲಿನ ದೀಪವನ್ನು ನೋಡಿದಳು, ಮಗಳ ಕೈಗಳನ್ನು ನೋಡಿದಳು.

"ಇಲ್ಲೇ ಇರಲಿ ಬಿಡಿ. ಮನೇಲಿ ಇದ್ದಿದ್ರೆ ಇವಳು ಇದನ್ನೂ ಒಡೆದು ಹಾಕಿರ್ತಿದ್ಲು."

ಸಮಿತಿಯವರು ಸುಮ್ಮನೆ ಬಿಡುವವರಲ್ಲ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ಕೊಡಬೇಕೆಂದು ಅಕ್ಕನಿಗೆ ಅಂದೇ ಪತ್ರ ಬಂತು. ಅವಳು ಬರೆದದ್ದು ಎರಡೇ ಪದ: 'ಷರಾ ನೋಡಿ.' ಜೊತೆಗೆ ಜಾಡಿಯ ದಾಖಲೆಯ ಇಪ್ಪತ್ತನಾಲ್ಕು ವರ್ಷದ ಅಚ್ಚು ಪುಟಗಳನ್ನೆಲ್ಲ ಲಗತ್ತಿಸಿದಳು. ಪ್ರತಿ ಪುಟದಲ್ಲೂ ಸತ್ಯ ಬರೆದಿತ್ತು, ಸತ್ಯದ ಅಡಿಯಲ್ಲಿ 'ಪರಿಶೀಲಿಸಲಾಗಿದೆ' ಎಂದು ಅವರದ್ದೇ ಸಹಿ ಇತ್ತು. ಸಮಿತಿಯವರು ಸೇರಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಡೆದ ಜಾಡಿಯನ್ನು ರಿಜಿಸ್ಟ್ರಾರ್ ತಾನೇ ಕೂತು ಅಂಟಿಸತಕ್ಕದ್ದು ಎಂದು ಶಿಕ್ಷೆ ವಿಧಿಸಿ ಎದ್ದರು. ಚಹಾ ಮುಟ್ಟಲಿಲ್ಲ.

ಆದರೆ ಅದು ಆಮೇಲಿನ ಮಾತು. ಉದ್ಘಾಟನೆಯ ಸಂಜೆ ಅಮ್ಮ ಮಗಳು ಮನೆಗೆ ನಡೆದುಕೊಂಡು ಹೋಗುವಾಗ ಮೊದಲನೇ ಬೀದಿ ಪೂರ್ತಿ ಅಮ್ಮ ಜೋಡಿಯಲ್ಲದ ಚಪ್ಪಲಿ ಎಳೆಯುತ್ತಾ ಮುಂದೆ ಮುಂದೆ ನಡೆದಳು. ಬೈಗುಳ ಬರುತ್ತದೆಂದು ಅಕ್ಕ ಎರಡು ಹೆಜ್ಜೆ ಹಿಂದೆಯೇ ಉಳಿದಳು.

"ನಾನು ಕೇಳಿದ್ದನ್ನೆಲ್ಲ ಬರೆದಿಟ್ಟಿದೀಯಲ್ಲೇ," ಎಂದಳು ಅಮ್ಮ ಎರಡನೇ ಬೀದಿಯ ತಿರುವಿನಲ್ಲಿ. "ನನ್ನ ಮಾತು ನಿನ್ನ ಕಿವಿಗೇ ಬೀಳಲ್ಲ ಅನ್ಕೊಂಡಿದ್ದೆ."

"ಬೀಳ್ತಿತ್ತಮ್ಮ."

"ನಿಮ್ಮಪ್ಪ ಹೋದಾಗ ಕೇಳಲಿಲ್ಲ ಅನ್ನೋದನ್ನೂ ಬರೆದಿದೀಯ. ಆಗ ನಂಗೆ ಉಪ್ಪು ಬೇಕಾಗಿರಲಿಲ್ಲ ಕಣೇ, ಏನೂ ಬೇಕಾಗಿರಲಿಲ್ಲ." ಅಮ್ಮ ಮಗಳ ಕೈ ಹಿಡಿದುಕೊಂಡಳು. ಬಾಗಿಲ ಬೀಗ ತೆಗೆಯುವವರೆಗೂ ಬಿಡಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಕ್ಕ ಕೆಲಸಕ್ಕೆ ಹೊರಟಾಗ ಅಮ್ಮ ಅಡುಗೆಮನೆಯಿಂದ ಕೂಗಿದಳು, "ನನ್ನ ಮುಚ್ಚಳ ಯಾವಾಗ ವಾಪಸು ತರ್ತೀಯೇ?"

ಅಕ್ಕ ದಾರಿಯುದ್ದಕ್ಕೂ ನಗುತ್ತಲೇ ಬಂದಳು. ಹೊಸ ಕ್ಯಾಟಲಾಗ್ ತೆರೆದು, 'ಮಾಡಿದವರು, ತಿಳಿದಿಲ್ಲ' ಎಂಬಲ್ಲಿ ಗೆರೆ ಎಳೆದು, ಅಮ್ಮನ ಹೆಸರನ್ನು ಇನಿಷಿಯಲ್ ಸಮೇತ ಪೂರ್ತಿಯಾಗಿ ಬರೆದಳು. ಷರಾದಲ್ಲಿ ತಾರೀಕು ಹಾಕಿ ಬರೆದಳು: 'ಅಮ್ಮ ಇವತ್ತು ಮುಚ್ಚಳ ಕೇಳಿದಳು.'

ಎರಡು ನಿಮಿಷಕ್ಕೆ ಫೋನ್ ಬಂತು.

"ಎರಡು ಸಲ ಕೇಳಿದೆ ಕಣೇ. ಒಂದು ಸಲ ನೀನು ಸ್ನಾನಕ್ಕೆ ಹೋಗಿದ್ದಾಗ. ಸರಿಯಾಗಿ ಬರಿ."

ಅಳಿಸುವ ಹಾಗಿರಲಿಲ್ಲವಲ್ಲ, ಅಕ್ಕ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ತಿದ್ದುಪಡಿ. ಎರಡು ಸಲ.'